ಪುಟ್ಟಲಕ್ಷ್ಮಿಯ ಎರಡು ಶನಿವಾರಗಳು

ಮುಂಬಯಿಯ ಸಯನ್ನಿನ ಆ ಹಳೇ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ನಾಲ್ಕು ಮಹಡಿ ಹತ್ತಿದರೆ ಟೆರೇಸು. ಏಪ್ರಿಲ್ ಇಪ್ಪತ್ತನಾಲ್ಕರ ಶನಿವಾರ ಮಧ್ಯಾಹ್ನ ಅಲ್ಲಿ ಮೂವತ್ತೆರಡು ಜನ ಸುಡುಬಿಸಿಲಲ್ಲಿ ನಿಂತು ಒಂದು ಸ್ಟೀಲ್ ಬಾಟಲಿಯ ನೆರಳನ್ನೇ ನೋಡುತ್ತಿದ್ದರು. ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತದ್ದರ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ ಎಂದು ಪುಟ್ಟಲಕ್ಷ್ಮಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು.

ಹದಿನೇಳಾಯಿತು, ಇಪ್ಪತ್ತಾಯಿತು. ಬಾಟಲಿಯ ಪಕ್ಕದಲ್ಲಿ ಎರಡು ಬೆರಳಗಲದ ನೆರಳು ಹಾಗೇ ಬಿದ್ದುಕೊಂಡಿತ್ತು.

"ಪುಟ್ಟಕ್ಕ, ಅದಕ್ಕೆ ಹೋಗ್ಲಿಕ್ಕೆ ಮನಸ್ಸಿಲ್ಲ ಅಂತ ಕಾಣ್ತದೆ," ಎಂದ ಸೀನ. ಮೂಲೆಯ ಉಡುಪಿ ಹೋಟೆಲಿನ ಮ್ಯಾನೇಜರ್ ಅವನು. "ಊಟದ ರಶ್ ಬಿಟ್ಟು ಬಂದದ್ದು ನಾನು. ನೆರಳೇ ಬೇಕಿದ್ರೆ ಹೋಟೆಲಲ್ಲೇ ಉಂಟಲ್ಲ, ಫ್ಯಾನೂ ಉಂಟು."

ಎಲ್ಲರೂ ನಕ್ಕರು. ನಗುತ್ತಲೇ ಇಬ್ಬರು ಮೂವರಾಗಿ ಇಳಿದು ಹೋದರು. ಕೊನೆಗೆ ಉಳಿದವರು ಮೊದಲ ಮಹಡಿಯ ವಾರಿಜಕ್ಕ. ಎಪ್ಪತ್ತೆರಡು ವರ್ಷ, ಎರಡೂ ಮೊಣಕಾಲು ನೋವು. ಬೆಳಿಗ್ಗೆ ಹನ್ನೊಂದಕ್ಕೇ ಹೊರಟು, ಪ್ರತಿ ಮಹಡಿಯಲ್ಲೂ ಕೂತು ಎದ್ದು ಮೇಲೆ ಬಂದಿದ್ದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಅವರ ಹಿಂದೆ ಹೋಗುವಾಗ ಪುಟ್ಟಲಕ್ಷ್ಮಿಗೆ, ಸೀನನ ಹಾಗೆ ಇವರೂ ಎರಡು ಮಾತು ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾಗಮಂಗಲದ ಹತ್ತಿರದ ಹಳ್ಳಿಯವಳು ಪುಟ್ಟಲಕ್ಷ್ಮಿ. ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು, ಅದೂ ಬಿಎಸ್ಸಿ. ಹೈಸ್ಕೂಲಿನಲ್ಲಿ ಪ್ರಯೋಗಗಳೆಲ್ಲ ಕಪ್ಪುಹಲಗೆಯ ಮೇಲಿನ ಚಿತ್ರಗಳು. ಕಾಲೇಜಿನಲ್ಲಿ ಒಂದು ಸೂಕ್ಷ್ಮದರ್ಶಕಕ್ಕೆ ಹದಿನಾಲ್ಕು ಜನ. ಫೋರ್ಟ್ ಏರಿಯಾದ ಆಫೀಸಿನಲ್ಲಿ ಕೆಲಸ ಮಾಡುವ ಸತ್ಯಮೂರ್ತಿಯನ್ನು ಮದುವೆಯಾಗಿ ಮುಂಬಯಿಗೆ ಬಂದಮೇಲೆ ಆ ಡಿಗ್ರಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿತು. ಹನ್ನೊಂದು ವರ್ಷದ ಹಿಂದೆ ಮಲಾಡಿನ ಒಂದು ಉದ್ಯಾನದಲ್ಲಿ ಯಾರೋ ಹುಡುಗರು ಮೇಜು ಹಾಕಿ ಜನರಿಗೆ ವಿಜ್ಞಾನ ತೋರಿಸುತ್ತಿದ್ದರು. ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ನಿಂತವಳು ಕಣ್ಣು ತೆಗೆಯಲೇ ಇಲ್ಲ. ಹಿಂದೆ ಉದ್ದ ಸಾಲು. ಆದರೂ ಮೇಜಿನ ಹುಡುಗ, ಅಮೋಲ್ ಅಂತ ಅವನ ಹೆಸರು, "ಆರಾಮ್ ಸೇ ದೇಖೋ ದೀದಿ" ಅಂದ. ಅವಳಿಗೆ ಯಾವ ಸಾಲಿನಲ್ಲೂ ಯಾರೂ ನಿಧಾನವಾಗಿ ನೋಡು ಅಂದಿರಲಿಲ್ಲ. ನೋಡಿ ಮುಗಿಸಿ ತನ್ನ ಮುರುಕು ಹಿಂದಿಯಲ್ಲಿ, ನಾನೂ ಬಂದು ಕೆಲಸ ಮಾಡಬಹುದೇ ಎಂದು ಕೇಳಿದಳು.

ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ಆ ತಂಡದ ಜೊತೆ. ಕುರ್ಚಿ ಹಾಕುವುದು, ಬಾಣದ ಗುರುತು ಅಂಟಿಸುವುದು, ಸಾಲು ನಿಲ್ಲಿಸುವುದು. ಮಾತಾಡಿ ವಿವರಿಸುವ ಕೆಲಸ ಅವಳದಾಗಿರಲಿಲ್ಲ. ಈ ವರ್ಷ ಅಮೋಲ್ ತಾನಾಗಿಯೇ, "ನಿಮ್ಮ ಬಿಲ್ಡಿಂಗಿನಲ್ಲಿ ಅರ್ಧಕ್ಕರ್ಧ ಕನ್ನಡದವರು. ನೆರಳಿಲ್ಲದ ದಿನ ನೀವೇ ಮಾಡಿ" ಅಂದಿದ್ದ.

ಅವಳು ಕಷ್ಟಪಟ್ಟಿದ್ದಳು. ಬೆಂಗಳೂರಿನ ಗೆಳತಿಯೊಬ್ಬಳಿಂದ ಕನ್ನಡದ ಕರಪತ್ರ ತರಿಸಿಕೊಂಡು, ವಿವರಣೆಯನ್ನು ಮೂರು ಸಲ ಓದಿ, ಚಿತ್ರ ಸಮೇತ ದುಂಡಗೆ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದ್ದಳು. ಅಮೋಲನಿಗೂ ಫೋಟೋ ಕಳಿಸಿದ್ದಳು. ಕನ್ನಡದ ಅಂಕಿ ಓದಲು ಬಾರದ ಅವನು "ಮಸ್ತ್!" ಎಂದು ಉತ್ತರ ಹಾಕಿದ್ದ.

ಈಗ ಟೆರೇಸಿನಿಂದ ಇಳಿದು ಫೋನ್ ಮಾಡಿ ಅವಳು ದಿನಾಂಕ ಹೇಳಿದ ಕೂಡಲೇ ಅವನು ಕೂಗಿದ: "ಅರೆ ದೀದಿ, ಯೇ ತೋ ಬೆಂಗಳೂರು ಕಾ ಡೇಟ್ ಹೈ!"

ಬೆಂಗಳೂರು ದಕ್ಷಿಣಕ್ಕಿದೆ, ಸೂರ್ಯ ಅಲ್ಲಿ ಮೊದಲು ನೆತ್ತಿಗೆ ಬಂದು ಆಮೇಲೆ ಉತ್ತರಕ್ಕೆ ಸರಿಯುತ್ತಾನೆ, ಮುಂಬಯಿ ಮುಟ್ಟಲು ಇನ್ನೂ ಮೂರು ವಾರ ಬೇಕು. ಸೂರ್ಯ ಹೀಗೆ ಸರಿಯುವ ವಿಷಯ ಅವಳೇ ಬರೆದ ಹಾಳೆಯಲ್ಲಿತ್ತು. ವಿವರಣೆಯನ್ನು ಮೂರು ಸಲ ಓದಿದವಳು ತಾರೀಖನ್ನು ಮಾತ್ರ ಕರಪತ್ರದಲ್ಲಿದ್ದ ಹಾಗೇ ನಂಬಿಬಿಟ್ಟಿದ್ದಳು.

"ನಾನು ಕುರ್ಚಿ ಹಾಕ್ತೀನಪ್ಪ, ಅಷ್ಟೇ ಸಾಕು," ಎಂದಳು ಹಿಂದಿಯಲ್ಲಿ.

"ಕುರ್ಚಿ ಆಮೇಲೆ ಹಾಕಿ. ಮೇ ಹದಿನೈದಕ್ಕೆ, ಹನ್ನೆರಡೂ ಮೂವತ್ತೈದಕ್ಕೆ ಮತ್ತೆ ಕರೆಯಿರಿ. ಇಲ್ಲದಿದ್ದರೆ ಆ ಮೂವತ್ತೆರಡು ಜನರಿಗೆ ಇದು ಸುಳ್ಳಾಗಿಯೇ ಉಳಿಯುತ್ತದೆ."

ಆ ಮಾತು ಅವಳಿಗೆ ನಾಟಿತು. ತನಗೆ ಮುಜುಗರವಾದದ್ದು ಹಾಗಿರಲಿ. ನಿಜವಾದ ಸಂಗತಿಯೊಂದು ತನ್ನ ಕೈಯಿಂದ ಸುಳ್ಳಾಗಬಾರದು. ಆದರೆ ಮೇ ತಿಂಗಳಲ್ಲಿ ಆ ಬಿಲ್ಡಿಂಗಿನಲ್ಲಿ ಇರುವವರಾದರೂ ಯಾರು? ಮಕ್ಕಳಿಗೆ ರಜೆ ಸಿಕ್ಕಿದ್ದೇ ತಡ, ಎಲ್ಲರೂ ಊರಿನ ರೈಲು ಹತ್ತುತ್ತಾರೆ.

ಆದರೂ ಒಂದೊಂದೇ ಬಾಗಿಲು ತಟ್ಟಿದಳು. "ತಪ್ಪು ನಂದೇ, ಬೆಂಗಳೂರಿನ ತಾರೀಖು ಹೇಳ್ಬಿಟ್ಟೆ." ಹೆಚ್ಚಿನವರು, ಹತ್ತನೇ ತಾರೀಖಿಗೇ ಟಿಕೆಟ್ ಇದೆ ಅಂದರು. ಸೀನ ಮಾತ್ರ, "ನನಗೆ ಊರಿಗೆ ರಜೆ ಇಲ್ಲ ಪುಟ್ಟಕ್ಕ, ಬರ್ತೇನೆ. ಈ ಸಲ ಸೂರ್ಯನಿಗೆ ಮೊದಲೇ ಫೋನ್ ಮಾಡಿಡಿ" ಅಂದ.

ವಾರಿಜಕ್ಕನ ಬಾಗಿಲಿಗೆ ಕೊನೆಯಲ್ಲಿ ಹೋದಳು.

"ಕ್ಷಮಿಸಿ ವಾರಿಜಕ್ಕ. ನಿಮ್ಮನ್ನು ಸುಮ್ನೆ ಹತ್ತಿಸ್ಬಿಟ್ಟೆ. ಮತ್ತೆ ಹತ್ತಿ ಅಂತ ಹೇಳೋ ಮುಖ ನಂಗಿಲ್ಲ."

"ಯಾವತ್ತಂತೆ ಈಗ?"

"ಮೇ ಹದಿನೈದು."

ವಾರಿಜಕ್ಕ ಒಳಗಿನ ಅಡಿಗೆಮನೆ ಕಿಟಕಿಯತ್ತ ತಿರುಗಿದರು. "ಅದು ನಮ್ಮ ಚೌಕಕ್ಕೆ ಬಿಸಿಲು ಬರುವ ಹೊತ್ತಲ್ವಾ ಮಾರಾಯ್ತಿ!"

ಬಿಲ್ಡಿಂಗಿನ ಹೊಟ್ಟೆಯಲ್ಲಿ ನಾಲ್ಕು ಗೋಡೆಗಳ ನಡುವೆ ಬಾವಿಯಂಥ ಚೌಕವೊಂದಿದೆ. ಎಲ್ಲ ಅಡಿಗೆಮನೆಗಳ ಕಿಟಕಿಗಳೂ ಅದರೊಳಕ್ಕೇ ತೆರೆಯುತ್ತವೆ. ವರ್ಷದ ಹೆಚ್ಚಿನ ತಿಂಗಳು ಮಬ್ಬು, ತೇವ.

"ಟೆರೇಸಿಗೆ ನನ್ನ ಕಾಲು ಬರುದಿಲ್ಲ. ಹಾಗಾಗಿ ಹಪ್ಪಳ ನಾನು ಅಲ್ಲೇ ಒಣಗಿಸುದು. ಏಪ್ರಿಲಲ್ಲಿ ಬಿಸಿಲು ಅರ್ಧ ನೆಲಕ್ಕೆ ಬರ್ತದೆ. ಮೇ ನಡುವಿಗೆ ಆಚೆ ಗೋಡೆಯಿಂದ ಈಚೆ ಗೋಡೆವರೆಗೂ, ಮಧ್ಯಾಹ್ನ ಊಟಕ್ಕೆ ಮೊದಲು, ಒಂದೈದು ನಿಮಿಷ. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ. ಯಾಕೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ಪುಟ್ಟಲಕ್ಷ್ಮಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮೇ ಹದಿನೈದರ ಶನಿವಾರ ಚೌಕಕ್ಕೆ ಬಂದವರು ಒಂಬತ್ತು ಜನ. ಅಮೋಲ್ ಬಂದಿದ್ದ, ಸೀನ ಹೋಟೆಲಿನಿಂದ ಇಬ್ಬರನ್ನು ಕರೆತಂದಿದ್ದ. ವಾರಿಜಕ್ಕ ಒಂದೇ ಮಹಡಿ ಇಳಿದು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಹನ್ನೆರಡೂವರೆಗೆ ಬಿಸಿಲು ನೆಲಕ್ಕಿಳಿಯತೊಡಗಿತು. ಪಾಚಿ ಹಿಡಿದ ಕಲ್ಲುಗಳು ಒಂದೊಂದಾಗಿ ಬೆಳಗಿದವು. ಬಾಟಲಿಯ ನೆರಳು ಗೆರೆಯಾಯಿತು, ನೂಲಾಯಿತು, ಇಲ್ಲವಾಯಿತು.

"ಹೋಯ್ತು!" ಮೇಲಿನಿಂದ ಯಾರೋ ಕೂಗಿದರು. ಪುಟ್ಟಲಕ್ಷ್ಮಿ ತಲೆಯೆತ್ತಿದಳು. ಊರಿಗೆ ಹೋಗದೆ ಉಳಿದ ಮನೆಗಳ ಅಡಿಗೆಮನೆ ಕಿಟಕಿಗಳೆಲ್ಲ ತೆರೆದಿದ್ದವು. ಒಂದೊಂದು ಕಿಟಕಿಯಲ್ಲೂ ಎರಡು ಮೂರು ತಲೆಗಳು, ಕೈಯಲ್ಲಿ ಸೌಟು ಹಿಡಿದವರು, ಕನ್ನಡ ಅರ್ಥವಾಗದ ಗುಜರಾತಿ ಅಜ್ಜ ಕೂಡ.

ಅಮೋಲ್ ಅವಳ ಕಡೆ ಕೈ ತೋರಿಸಿದ: "ಬೋಲೋ ದೀದಿ."

ಅವಳು ಕಿಟಕಿಗಳನ್ನೊಮ್ಮೆ, ಚೌಕದಲ್ಲಿದ್ದವರನ್ನೊಮ್ಮೆ ನೋಡಿದಳು. ಮೊದಲು ಹೇಳಬೇಕೆನ್ನಿಸಿದ್ದನ್ನೇ ಹೇಳಿದಳು: "ಮತ್ತೆ ಬಂದ್ರಲ್ಲ, ನಿಮ್ಗೆಲ್ಲ ದೊಡ್ಡ ನಮಸ್ಕಾರ." ಆಮೇಲೆ ವಾರಿಜಕ್ಕನ ಪಕ್ಕಕ್ಕೆ ಹೋಗಿ ನಿಂತಳು. "ಬಿಸಿಲು ಇಲ್ಲಿಗೆ ಹೇಗೆ ಬರುತ್ತೆ ಅನ್ನೋದನ್ನ ಇವರು ಹೇಳ್ತಾರೆ. ಯಾಕೆ ಬರುತ್ತೆ ಅನ್ನೋದನ್ನ ನಾನು ಹೇಳ್ತೀನಿ."

"ಅಯ್ಯೋ, ನನಗೆ ಎಂತ ಗೊತ್ತುಂಟು," ಎನ್ನುತ್ತಲೇ ವಾರಿಜಕ್ಕ ಸೆರಗು ಸರಿಮಾಡಿಕೊಂಡು, ಆಚೆ ಗೋಡೆಯ ಕಡೆ ಬೆರಳು ಮಾಡಿ, ಶುರು ಮಾಡಿದರು.