ಲೀಲವ್ವನ ಕನ್ನಡ ಕೇಳಿದ ಕಿವಿಗಳು

ಮೊನ್ನೆ ಸಿಂದಗಿಯ ಔಷಧಿ ಅಂಗಡಿಯಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಲೀಲವ್ವ ನೆನಪಾದರು. ನಿಮಗೂ ಹೀಗಾಗುತ್ತದಲ್ಲವೇ, ವಾಸನೆ ಮುಂದೆ, ಮನುಷ್ಯರು ಹಿಂದೆ?

ಮೋರಟಗಿ ದವಾಖಾನೆಯಲ್ಲಿ ಅವರು ನರ್ಸು, ನಾನು ಚೀಟಿ ಬರೆಯುವಾಕೆ. ಕೇರಳದಿಂದ ಬಂದ ಲೀಲಮ್ಮ ನಮ್ಮ ಬಾಯಲ್ಲಿ ಲೀಲವ್ವ ಆಗಿದ್ದರು. ಕನ್ನಡ ಕಲಿತದ್ದು ಬಾಣಂತಿಯರ ಹಾಸಿಗೆ ಪಕ್ಕ ಕೂತು. ಪೋಲಿಯೋ ಹನಿ ಹಾಕುವ ಹಿಂದಿನ ದಿನ ಆಟೋದಲ್ಲಿ ಕೂಗಿಸಲು ಅವರ ಮಾತನ್ನು ನನ್ನ ಫೋನಿನಲ್ಲಿ ತುಂಬಿಕೊಂಡೆ: "ಎವ್ವಾ, ನಾಳೆ ಮುಂಜಾನಿ ಕೂಸಿನ್ನ ಕರ್ಕೊಂಡ ದವಾಖಾನಿಗೆ ಬರ್ರಿ."

ಮೈಸೂರು ಕಡೆಯಿಂದ ಆಗಷ್ಟೇ ಬಂದಿದ್ದ ಡಾಕ್ಟರು ಕೇಳಿ ಹುಬ್ಬು ಗಂಟಿಕ್ಕಿದರು. "ಸಿಸ್ಟರ್, ಮಲಯಾಳಂ ಎಳೆತ ತುಂಬಾ ಇದೆ. ಜನಕ್ಕೆ ಅರ್ಥ ಆಗಲ್ಲ. ನಾನೇ ಹೇಳ್ತೀನಿ ಬಿಡಿ."

ಅವರು ಮಲಯಾಳಂ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ನಮ್ಮೂರ ಮಾತೇ ಇತ್ತು. ಹೇಳಬೇಕಿತ್ತು, ಎಂದೂ ಮುಚ್ಚದ ನನ್ನ ಬಾಯಿ ಅವತ್ತೇ ಮುಚ್ಚಿಕೊಂಡಿತು. ಲೀಲವ್ವ ಮಾತು ಬಿಟ್ಟರು. ಸಂಜೆಯವರೆಗೆ ರೋಗಿಗಳಿಗೆ ಕೈಸನ್ನೆ. ಇಪ್ಪತ್ತು ವರ್ಷ ಕೂಡಿಟ್ಟ ಕನ್ನಡ ಒಂದೇ ಮಾತಿಗೆ ಅವರ ಕೈಬಿಟ್ಟಂತಿತ್ತು.

ಮರುದಿನ ಹತ್ತಾದರೂ ಅಂಗಳ ಖಾಲಿ. ಮೊಮ್ಮಗಳನ್ನು ಎತ್ತಿಕೊಂಡು ಬಂದವಳು ಕಾಶಿಂಬಿ ಒಬ್ಬಳೇ.

"ನಿನ್ನಿ ಆಟೋದಾಗ ಯಾವನೋ ಪರದೇಶಿ ಒದರಾಕತ್ತಿದ್ದ ನೋಡ್ರಿ. ಸಾಬಾಣ ಮಾರಾಂವ ಅಂತ ಯಾರೂ ಹೊರಗ ಬರಲಿಲ್ಲ. ನಮ್ಮ ಲೀಲವ್ವ ಕೂಗಿದ್ರ ಓಡಿ ಬರ್ತಿದ್ವಿ!"

ಡಾಕ್ಟರರ ಕಿವಿ ಕೆಂಪಾಯಿತು. "ಅದು ನಾನಮ್ಮ. ನಾನು ಕನ್ನಡದವನೇ."

ಕಾಶಿಂಬಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ, ನೀವೇನ್ರಿ? ಬ್ಯಾಸರಾ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಇನ್ನೊಂದ್ ವರ್ಷ ಇಲ್ಲೇ ಇರ್ರಿ, ಬರ್ತೈತಿ."

ಮೊದಲು ನಕ್ಕವರು ಡಾಕ್ಟರೇ. ಫೋನನ್ನು ಲೀಲವ್ವನ ಕೈಗೆ ಕೊಟ್ಟು, "ತಪ್ಪು ನಂದು. ನೀವೇ ಕರೀರಿ" ಎಂದರು. ಲೀಲವ್ವ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿ, ಕರೆದರು. ಆಟೋ ಮತ್ತೆ ಊರು ಸುತ್ತಿತು. ಮಧ್ಯಾಹ್ನಕ್ಕೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಈಗ ನಮ್ಮ ಓಣಿಗೆ ಒಡಿಶಾದ ಸೊಸೆಯೊಬ್ಬಳು ಬಂದಿದ್ದಾಳೆ. ನಿನ್ನೆ ಹೆಪ್ಪಿಗೆ ಮೊಸರು ಕೇಳಲು ಬಂದು ಏನೋ ಹೇಳಿದಳು; ತಿಳಿಯಲಿಲ್ಲ. ಅವಳ ಮುಖ ಬಾಡಿತು. "ನನ್ನ ಕನ್ನಡ ಸರಿ ಇಲ್ಲ ಏನು, ಕಾಕೂ?"

ಮೊದಲಾಗಿದ್ದರೆ ಹೌದೆನ್ನುತ್ತಿದ್ದೆನೋ ಏನೋ. ಕಟ್ಟೆಯ ಮೇಲೆ ಜಾಗ ಮಾಡಿದೆ.

"ನಿಂದ ಸರಿ ಐತಿ ಕೂಸ. ನನ್ನ ಕಿವಿಗೆ ಇನ್ನೂ ರೂಢಿ ಆಗಿಲ್ಲ. ಕುಂದರ, ಇನ್ನೊಮ್ಮೆ ಹೇಳ."