ಹೊಳೆ ದಾಟಿದ ಹೊಲ

ಹಲ್ಲಿಗೆ ಬೂದಿ ಹಚ್ಚಿದ ಬೆರಳು ಬಾಯಲ್ಲೇ ಇರುವಾಗ ನೀಲಮ್ಮ ಚಿಗವ್ವ ಹೊಳೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ದೂರದಲ್ಲಿದ್ದ ತನ್ನ ಹೊಲವನ್ನು ಕಣ್ಣಿನಿಂದಲೇ ಅಳೆದು, “ಐತಿ ಬಿಡು” ಎಂದ ಮೇಲೆಯೇ ಬಾಯಿ ಮುಕ್ಕಳಿಸುವುದು.

ಚಿಗವ್ವ ನನ್ನ ತಾಯಿಯ ತಂಗಿ. ಅವಳ ಊರು ಗಂಗಾವತಿ ಕಡೆ, ತುಂಗಭದ್ರೆಯ ನಡುವಿನ ಒಂದು ಗಡ್ಡೆ. ಬೆರಳೆಣಿಕೆಯ ಮನೆಗಳು, ಸುತ್ತ ನೀರು. ಹೊಳೆ ಒಂದು ಮಳೆಗಾಲದಲ್ಲಿ ಕೊಟ್ಟ ಮಣ್ಣನ್ನು ಇನ್ನೊಂದರಲ್ಲಿ ಒಯ್ಯುತ್ತಿತ್ತು. ಗಡ್ಡೆ ನಿಜಾಮರ ಸೀಮೆಗೆ ಸೇರಿದ್ದು, ದಕ್ಷಿಣದ ದಂಡೆ ಇಂಗ್ಲಿಷರದು. ನಾನು ಬಳ್ಳಾರಿಯ ಕಾನ್ವೆಂಟಿನಿಂದ ರಜೆಗೆ ಹೋದಾಗ ಹರಿಗೋಲಿನಿಂದ ಕೈಹಿಡಿದು ಇಳಿಸಿಕೊಳ್ಳುತ್ತ, ನನ್ನ ಬೂಟು ನೋಡಿ, “ಕಾಲಿಗೆ ಪೆಟ್ಟಿಗಿ ಹಾಕ್ಕೊಂಡು ಬಂದಾಳ ನೋಡ್ರಿ, ನಮ್ಮ ದೊರೆಸಾನಿ!” ಎಂದು ನಗುತ್ತಿದ್ದಳು.

ಒಂದು ವರ್ಷ ನೆರೆ ಬಂದಾಗ ಹೊಳೆ ಗಡ್ಡೆಗೂ ಅವಳ ಹೊಲಕ್ಕೂ ನಡುವೆ ಹೊಸ ದಾರಿ ಕೊರೆಯಿತು. ಹೊಲದಾಚೆಯ ಹಳೆಯ ದಾರಿ ಮರಳಿನಿಂದ ಮುಚ್ಚಿಹೋಯಿತು. ಹೊಲ ಇದ್ದಲ್ಲೇ ಇದ್ದು ಎದುರಿನ ಇಂಗ್ಲಿಷರ ದಂಡೆಗೆ ಸೇರಿಬಿಟ್ಟಿತು. ಚಿಗವ್ವನ ಮನೆಗಿದ್ದದ್ದು ಅದೊಂದೇ ಹೊಲ. ದಸರೆಗೆ ನಾನು ಹೋದಾಗ ಅಲ್ಲಿ ಯಾರದೋ ನೇಗಿಲು ನಡೆದಿತ್ತು.

“ಹೊಳಿ ಕೂಡ ಜಗಳಾ ಆಡಾಕ ಆಗತೈತೇನ?” ಎಂದು ಅವಳ ಗಂಡ, ನಮ್ಮ ಕಾಕಾ, ತಲೆ ತಗ್ಗಿಸಿದ.

“ಹೊಳಿ ಕೂಡ ಯಾರ ಆಡ್ತಾರ? ನಾ ಮಂದಿ ಕೂಡ ಆಡ್ತೀನಿ.”

ಹಬ್ಬದ ಮರುದಿನ ನನ್ನನ್ನು ಬಳ್ಳಾರಿಗೆ ಕಳಿಸುವ ನೆಪದಲ್ಲಿ ಅವಳೂ ಹರಿಗೋಲು ಹತ್ತಿದಳು. ಇಳಿದದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಹೊಲಕ್ಕೆ ನಡೆದಳು.

“ಏನಪಾ ತಮ್ಮಾ, ನನ್ನ ಹೊಲದಾಗ ನಿನ್ನ ಎತ್ತಿಗೇನು ಕೆಲಸ?”

ಉಳುತ್ತಿದ್ದವನು ನಿಂತ. “ನಿನ್ನ ಹೊಲ ಹೊಳಿ ನುಂಗೈತಿ ಬೇ. ಇದು ನಮ್ಮ ದಂಡಿ.”

“ನುಂಗಿದ್ರ ಈ ಬನ್ನಿ ಗಿಡ ಎಲ್ಲಿಂದ ಬಂತೋ? ಲಗ್ನಾಗಿ ಬಂದ ವರ್ಷ ನಾನ ಹಚ್ಚೀನಿ.”

“ಗಿಡ ನಿಂದ ಇರಬೇಕು. ನೆಲಾ ಹೊಳಿ ನಮಗ ಕೊಟ್ಟೈತಿ.”

ಚಿಗವ್ವ ಬನ್ನಿಯ ಬುಡಕ್ಕೆ ನಡೆದಳು. ನೆರೆಗೆ ವಾಲಿದ ಆ ಗಿಡದಿಂದ ಒಂದು ಹಿಡಿ ಎಲೆ ಕಿತ್ತು ಅವನ ಮುಂದೆ ಹಿಡಿದಳು. “ತಗೋ. ಬನ್ನಿ ತಗೊಂಡು ಬಂಗಾರದಂಗ ಇರು.”

ಕೊಟ್ಟ ಬನ್ನಿಯನ್ನು ಒಲ್ಲೆನ್ನುವವರು ನಮ್ಮ ಕಡೆ ಇಲ್ಲ. ಅವನು ಕೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು ಇಸಿದುಕೊಂಡ, ಬಗ್ಗಿ ಅವಳ ಪಾದ ಮುಟ್ಟಿದ. ಎಲೆಯನ್ನು ರುಮಾಲಿನಲ್ಲಿ ಸಿಕ್ಕಿಸಿದ. ನಮ್ಮ ಮುಖ ನೋಡದೆ ಎತ್ತಿನ ಹಗ್ಗ ಎಳೆದು ಮತ್ತೆ ಸಾಲು ಹಿಡಿದ.

ಮುಂದಿನ ದಸರೆಗೆ ಚಿಗವ್ವ ಇರಲಿಲ್ಲ, ಚಳಿಜ್ವರ ಅಂದರು. ಅವಳನ್ನು ನಾನು ಕಂಡದ್ದು ಆ ಬನ್ನಿ ಕೊಟ್ಟ ದಿನವೇ ಕೊನೆ. ಟ್ರಂಕಿನ ಪಕ್ಕ ದಂಡೆಯಲ್ಲಿ ನಿಂತಿದ್ದೆ. ಅವಳು ಒಬ್ಬಳೇ ಗಡ್ಡೆಗೆ ಹೊರಟಳು. ನಡುನೀರಿನಲ್ಲಿ ಹರಿಗೋಲು ತಿರುಗುತ್ತದಲ್ಲ, ಅದು ತಿರುಗಿದಂತೆಲ್ಲ ಅವಳು ಕುಳಿತಲ್ಲೇ ಜರುಗಿ ಜರುಗಿ ಹೊಲದ ಕಡೆಗೇ ಮುಖ ಮಾಡುತ್ತಿದ್ದಳು. “ಸುಮ್ಮ ಕುಂದರಬೇ, ಮುಳುಗಸ್ತಿ!” ಎಂದು ಅಂಬಿಗ ಗದರಿದ್ದು ನನ್ನವರೆಗೂ ಕೇಳಿಸಿತು.