ಕವಲಿನ ಕಲ್ಲುಗಳಿಗೆ ಹಚ್ಚಿದ ಕೆಂಪು

ಮಾರ್ಚ್ ಮೊದಲ ವಾರ ಹುನಗುಂದದ ಕಡೆ ಮಲಪ್ರಭೆಯ ದಂಡೆ ಹಿಡಿದು ನಡೆಯುತ್ತಿದ್ದೆ. ಮೇಲೆ ಅಣೆಕಟ್ಟು ಆದ ನಂತರ ಹೊಳೆ ಎಲ್ಲಿ ಸರಿದಿದೆ, ಎಲ್ಲಿ ಬತ್ತಿದೆ ಎಂದು ಹಳೆಯ ನಕ್ಷೆಯೊಂದಿಗೆ ಹೋಲಿಸಿ ಗುರುತಿಸುವುದು ನನ್ನ ಕೆಲಸ. ಮೀನು, ಆಮೆ ಇನ್ನೂ ಬದುಕಿರುವ ಕವಲು ಸಿಕ್ಕರೆ ಮಾತ್ರ ಅದರ ಬಾಯಿ ಬಿಡಿಸಿ ನೀರು ಹರಿಸುವ ಯೋಜನೆಯಿತ್ತು.

ಅಂಥದ್ದು ಒಂದೇ ಸಿಕ್ಕಿತು. ಹೊಳೆ ಬಿಟ್ಟುಹೋದ ಕವಲು, ನಡುವೆ ಎದೆಮಟ್ಟದ ಮಡು. ಏಳು ಆಮೆ ಎಣಿಸಿ ಬರೆದುಕೊಂಡೆ. ಕುರುಬರ ಮುದುಕನೊಬ್ಬ ಅದರಲ್ಲಿ ಕುರಿಗಳ ಮೈ ತೊಳೆಯುತ್ತಿದ್ದ. ತೊಳೆಯದೆ ಉಣ್ಣೆ ಕತ್ತರಿಸಿದರೆ ಮರಳು ಸಿಕ್ಕಿ ಕತ್ತರಿ ಮೊಂಡಾಗುತ್ತದೆ. ಬೇಸಿಗೆಯಲ್ಲಿ ಅವನ ಹಿಂಡು ಕುಡಿಯುವುದಕ್ಕೂ ಅದೊಂದೇ ನೀರು.

ದಂಡೆಯ ಕಲ್ಲುಗಳಿಗೆ ನಾನು ಗುರುತಿಗೆಂದು ಕೆಂಪು ಬಣ್ಣ ಹಚ್ಚುವುದನ್ನು ಕಂಡು ಕೇಳಿದ: “ಏನ್ ಯವ್ವಾ, ಇದನ್ನೂ ಮುಳುಗಸ್ತೀರೇನು?”

“ಇಲ್ಲ ಮುತ್ಯಾ, ನೀರು ತರಾಕ.”

“ಹಂಗಾದ್ರ ನನ್ನ ಟಗರಿನ ಹೆಸರೂ ಬರ್ಕೋ. ಸರಕಾರಿ ನೌಕರಿ ಸಿಗಲಿ ಅದಕ.”

ಮೂರು ವಾರ ಬಿಟ್ಟು ಆಳ ಅಳೆಯಲು ಹೋದೆ. ಮಡು ಇರಲಿಲ್ಲ. ಜೆಸಿಬಿಯಿಂದ ಮಣ್ಣು ತುಂಬಿ, ಸಮ ಮಾಡಿ, ಕಬ್ಬು ನೆಟ್ಟಿದ್ದರು. ಬದುವಿನ ಮಣ್ಣಿನಲ್ಲಿ ಆಮೆಯ ಒಡೆದ ಚಿಪ್ಪು. ಕೆಂಪು ಕಲ್ಲುಗಳನ್ನು ಮಾತ್ರ ಯಾರೂ ಅಲುಗಿಸಿರಲಿಲ್ಲ.

ಕಬ್ಬು ನೆಡಿಸಿದ ಪಕ್ಕದ ಹೊಲದ ಯಜಮಾನರು ನಗುತ್ತ ಬಂದರು. “ನೋಡ್ರಿ ಮೇಡಂ, ನಿಮ್ಮ ಗುರ್ತು ಒಂದೂ ಕೆಡಿಸಿಲ್ಲ. ಬೀಳು ಅಂತ ಬರೀಬ್ಯಾಡ್ರಿ, ಕಬ್ಬು ಅಂತ ಬರೀರಿ.”

ಆಗ ತಿಳಿಯಿತು. ಮುಳುಗಡೆ ಕಂಡ ಈ ಸೀಮೆಯಲ್ಲಿ ಕಲ್ಲಿಗೆ ಬಣ್ಣ ಬಿದ್ದರೆ ಪರಿಹಾರ ಬರುತ್ತದೆ. ಬೆಳೆಯಿದ್ದರೆ ಹೆಚ್ಚು ಬರುತ್ತದೆ.

“ಇದು ಮುಳುಗಡಿ ಸರ್ವೆ ಅಲ್ರಿ ಕಾಕಾ. ಪರಿಹಾರ ಬರೂದಿಲ್ಲ.”

“ಮೊದಲ ಎಲ್ಲಾರೂ ಹಂಗ ಅಂತಾರ್ರಿ” ಎಂದರು. ನಂಬಲಿಲ್ಲ.

ಮುದುಕ ದಾರಿಯ ಮೇಲೆ ಹಿಂಡು ನಿಲ್ಲಿಸಿಕೊಂಡಿದ್ದ. ಉಣ್ಣೆಯಲ್ಲಿ ಧೂಳು ಗಟ್ಟಿಯಾಗಿತ್ತು.

“ಎಲ್ಲಿ ತೊಳೀತಿ ಮುತ್ಯಾ?”

“ತೊಳ್ಯೂದೇನ ಬಂತು, ಕುಡ್ಯಾಕ ನೀರಿಲ್ಲ. ಅಮೀನಗಡ ಸಂತಿಗೆ ಮಾರಾಕ ಹೊಡಕೊಂಡ ಹೊಂಟೇನಿ.” ಕಬ್ಬಿನ ಕಡೆ ನೋಡಿದ. “ನಕಾಶಿಯೊಳಗ ಮಡು ಐತೇನು ಇನ್ನೂ?”

“ಹಳೇದರಾಗ ಐತಿ.”

“ಟಗರಿಗೆ ಹೇಳ್ತೇನಿ” ಎಂದು ಕೋಲು ಎತ್ತಿದ. ಹಿಂಡು ಹೊರಟಿತು, ಟಗರು ಮುಂದೆ.